‘ನಾಕ್’ ಎಂದರೆ ನಾಲ್ಕಲ್ಲ: ಅಂಗನವಾಡಿಯಲ್ಲಿ ವಿಕಾಸ ತಪಾಸಣೆಯ ಪಾಠ

ಪ್ರಥಮ ವರ್ಷದ ಡಿ.ಎಲ್.ಇಡಿ. ಪ್ರಶಿಕ್ಷಣಾರ್ಥಿಗಳನ್ನು ನಾವು ಪ್ರತಿ ವರ್ಷ ಒಂದು ವಾರದ ಮಟ್ಟಿಗೆ ಅಂಗನವಾಡಿಗಳಿಗೆ ಕಳುಹಿಸುತ್ತೇವೆ. ಅರ್ಧದಷ್ಟು ಜನ ಬೆಳಗಾವಿ ನಗರದ ಕೇಂದ್ರಗಳಿಗೆ, ಉಳಿದವರು ಖಾನಾಪುರ ತಾಲೂಕಿಗೆ. ಪಾಠ ಮಾಡುವುದಕ್ಕಲ್ಲ, ನೋಡುವುದಕ್ಕೆ. ಒಬ್ಬೊಬ್ಬರು ಮೂರು ಮಕ್ಕಳನ್ನು ಗಮನಿಸಿ, ವಿಕಾಸದ ತಪಾಸಣಾ ಪಟ್ಟಿ ತುಂಬಿ, ಶನಿವಾರ ನನ್ನ ಮೇಜಿನ ಮೇಲೆ ಇಡಬೇಕು. ನಾನು ಓದಿ ಸಹಿ ಹಾಕುತ್ತೇನೆ. ಈ ಲೇಖನ ಅಂಥ ಎರಡು ಪಟ್ಟಿಗಳ ಬಗ್ಗೆ. ಎರಡೂ ತಪ್ಪಾಗಿದ್ದವು, ಎರಡಕ್ಕೂ ನನ್ನ ಸಹಿ ಇತ್ತು.

ಖಾನಾಪುರದ ಹುಡುಗ

ಖಾನಾಪುರದಿಂದ ಜಾಂಬೋಟಿ ಕಡೆ ಹೋಗುವ ರಸ್ತೆಯ ಮೇಲಿನ ಒಂದು ಹಳ್ಳಿ. ಹುಡುಗನಿಗೆ 3 ವರ್ಷ 2 ತಿಂಗಳು. ಅಲ್ಲಿಗೆ ಹೋದ ನಮ್ಮ ಪ್ರಶಿಕ್ಷಣಾರ್ಥಿ ಸಿಂದಗಿ ಕಡೆಯವಳು. ಮರಾಠಿ ಒಂದಕ್ಷರ ಬಾರದು. ಬಟ್ಟೆಯ ಗೊಂಬೆಯ ಮೂಗು ಮುಟ್ಟಿ ‘ಇದೇನು?’ ಎಂದು ಕೇಳಿದ್ದಾಳೆ. ಹುಡುಗ ‘ನಾಕ್’ ಅಂದಿದ್ದಾನೆ. ಕಣ್ಣು ಮುಟ್ಟಿ ಕೇಳಿದರೆ ‘ಡೋಳೆ’ ಅಂದಿದ್ದಾನೆ. ಆಕೆ ಪಟ್ಟಿಯಲ್ಲಿ ಬರೆದದ್ದು ಹೀಗೆ: ‘ಮೂಗು ತೋರಿಸಿದರೆ ಸಂಖ್ಯೆ ಹೇಳುತ್ತಾನೆ. ಕಣ್ಣು ತೋರಿಸಿದರೆ ಡೊಳ್ಳು ಎನ್ನುತ್ತಾನೆ. ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲ. ಭಾಷಾ ವಿಕಾಸ: ವಿಳಂಬ.’

ಬೆಳಗಾವಿಯ ಓದುಗರು ಇಷ್ಟು ಹೊತ್ತಿಗೆ ನಕ್ಕಿರುತ್ತಾರೆ. ಮರಾಠಿಯಲ್ಲಿ ನಾಕ್ ಎಂದರೆ ಮೂಗು, ಡೋಳೆ ಎಂದರೆ ಕಣ್ಣು. ಹುಡುಗ ಎರಡಕ್ಕೂ ಸರಿಯಾದ ಉತ್ತರವನ್ನೇ ಕೊಟ್ಟಿದ್ದ. ಸಿಂದಗಿಯ ಕಿವಿಗೆ ಅದು ‘ನಾಕು’ ಎಂದೂ ‘ಡೊಳ್ಳು’ ಎಂದೂ ಕೇಳಿಸಿತು. ಆಕೆಯನ್ನು ಬೈಯಲು ನನಗೆ ಬಾಯಿಲ್ಲ. ಈ ಊರಿನಲ್ಲಿ ಹದಿನಾರು ವರ್ಷದಿಂದ ಇದ್ದು, ದಿನಾ ಮಾರ್ಕೆಟ್‌ನಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡುವ ನಾನು ಅದೇ ವಾಕ್ಯ ಓದಿ ಸಹಿ ಹಾಕಿದ್ದೆ. ಒಂದೇ ಸಂಜೆ ನೂರಕ್ಕೂ ಹೆಚ್ಚು ಪಟ್ಟಿ ಮುಗಿಸುವ ಅವಸರದಲ್ಲಿ ನನ್ನ ಕಣ್ಣು ಹೋಗುತ್ತಿದ್ದುದು ಕೊನೆಯ ಸಾಲಿಗೆ ಮಾತ್ರ.

ತಪ್ಪನ್ನು ತೋರಿಸಿಕೊಟ್ಟವರು ಹುಡುಗನ ಅಜ್ಜಿ. ಮುಂದಿನ ವಾರ ನಾನು ಕೇಂದ್ರಕ್ಕೆ ಹೋದಾಗ ಬಾಗಿಲಲ್ಲೇ ಹಿಡಿದು ನಿಲ್ಲಿಸಿದರು. ‘ಬಾಯಾರ, ಈ ಹುಡುಗ ಮುಂಜಾನಿಂದ ಸಂಜಿತನಕ ಮಾತಾಡಿ ನನ್ನ ತಲಿ ತಿಂತಾನ್ರಿ. ಮಾತಾಡಂಗಿಲ್ಲಂತ ಹೆಂಗ ಬರದ್ರಿ?’ ಅಜ್ಜಿಯ ಕನ್ನಡ ಸಂತೆಯ ಕನ್ನಡ, ಮನೆಯಲ್ಲಿ ಎಲ್ಲರದೂ ಮರಾಠಿ. ಅಂಗನವಾಡಿ ಕಾರ್ಯಕರ್ತೆಗೆ ಎರಡೂ ಭಾಷೆ ನೀರು ಕುಡಿದಷ್ಟು ಸುಲಭ. ಆಕೆ ಅಂದು ಪಕ್ಕದಲ್ಲೇ ಕುಳಿತು ಮಕ್ಕಳ ತೂಕ ಬರೆದುಕೊಳ್ಳುತ್ತಿದ್ದರು. ನಮ್ಮವರು ಯಾರೂ ಆಕೆಯನ್ನು ಒಂದು ಮಾತು ಕೇಳಿರಲಿಲ್ಲ.

ವಡಗಾಂವಿಯ ಹುಡುಗಿ

ಎರಡನೆಯ ಪಟ್ಟಿ ನೋಡಲು ಅಚ್ಚುಕಟ್ಟಾಗಿತ್ತು, ಎಲ್ಲ ಅಂಶಗಳ ಮುಂದೂ ‘ಹೌದು’. ಬೆಳಗಾವಿಯ ವಡಗಾಂವಿ, ನೇಕಾರರ ಓಣಿ. ಹುಡುಗಿಗೆ 3 ವರ್ಷ 1 ತಿಂಗಳು. ಮನೆಮಾತು ಕನ್ನಡ, ಪ್ರಶಿಕ್ಷಣಾರ್ಥಿಯದೂ ಕನ್ನಡ, ಭಾಷೆಯ ತೊಡಕಿರಲಿಲ್ಲ. ‘ಸೂಚನೆ ಪಾಲಿಸುತ್ತಾಳೆ: ಹೌದು. ಇತರ ಮಕ್ಕಳೊಂದಿಗೆ ಆಡುತ್ತಾಳೆ: ಹೌದು. ಮಾತು: ಕಡಿಮೆ, ನಾಚಿಕೆ ಸ್ವಭಾವ.’ ನಾನು ಸಹಿ ಹಾಕಿದೆ.

ಏಳು ತಿಂಗಳ ನಂತರ ಅದೇ ಕೇಂದ್ರಕ್ಕೆ ನಮ್ಮ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಆಟದ ಚಟುವಟಿಕೆ ಮಾಡಿಸಲು ಹೋದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಗು ಗಂಟೆಯ ಸದ್ದು ಬಂದ ಕಡೆ ನಡೆದು ಹೋಗುವ ಆಟ. ಈ ಹುಡುಗಿಯ ಸರದಿ ಬಂದಾಗ ಅವಳು ಕೈ ಚಾಚಿಕೊಂಡು ನಿಂತೇ ಇದ್ದಳು, ಆಮೇಲೆ ಬಟ್ಟೆ ಕಿತ್ತು ಹಾಕಿದಳು. ಉಳಿದ ಮಕ್ಕಳು ನಕ್ಕರು. ಆತ ನಗಲಿಲ್ಲ. ಆಟ ಮುಗಿದ ಮೇಲೆ ಅವಳ ಹಿಂದೆ ನಿಂತು ಗಂಟೆ ಬಾರಿಸಿ ನೋಡಿದ, ಹೆಸರು ಹಿಡಿದು ಕರೆದ. ಅವನ ದಿನಚರಿಯಲ್ಲಿ ಇದ್ದದ್ದು ಇಷ್ಟು: ‘ಕಣ್ಣು ಕಟ್ಟಿದಾಗ ಗಂಟೆಯ ಕಡೆ ತಿರುಗಲಿಲ್ಲ. ಹಿಂದಿನಿಂದ ಮೂರು ಸಲ ಕರೆದೆ, ಮೂರು ಸಲವೂ ಇಲ್ಲ. ಎದುರಿಗೆ ನಿಂತು ಕರೆದರೆ ತಕ್ಷಣ ಬರುತ್ತಾಳೆ.’

ಕಿವುಡು ಎಂಬ ಪದ ಅದರಲ್ಲಿಲ್ಲ. ನಾನು ಈ ವೃತ್ತಿಯಲ್ಲಿ ಓದಿದ ಅತ್ಯುತ್ತಮ ವೀಕ್ಷಣಾ ಟಿಪ್ಪಣಿಗಳಲ್ಲಿ ಅದೂ ಒಂದು. ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಎರಡೂ ಕಿವಿಗಳಲ್ಲಿ ಮಧ್ಯಮ ಪ್ರಮಾಣದ ಶ್ರವಣದೋಷ. ಹತ್ತಿರದ ಗಟ್ಟಿ ದನಿ ಅಷ್ಟಿಷ್ಟು ಕೇಳುತ್ತದೆ, ಸಾಮಾನ್ಯ ಮಾತು ಒಡೆದು ಒಡೆದು ತಲುಪುತ್ತದೆ. ತಾಯಿ ಹೇಳಿದ ಮಾತು ನನ್ನನ್ನು ಬಿಟ್ಟು ಹೋಗಿಲ್ಲ: ‘ಮಗ್ಗದ ಸಪ್ಪಳದಾಗ ನಾವೆಲ್ಲಾ ಕೈಸನ್ನಿನ ಮಾಡ್ತೀವ್ರಿ. ಅಕಿನೂ ಮಾಡ್ತಿದ್ಲು. ನಮಗ ಗೊತ್ತ ಆಗಲಿಲ್ಲ.’ ಪವರ್‌ಲೂಮ್ ಓಡುವ ಮನೆಯಲ್ಲಿ ಸನ್ನೆ ಮಾಡುವ ಮಗುವನ್ನು ಕಂಡು ಯಾರಿಗೆ ಸಂಶಯ ಬರಬೇಕು? ಬರಬೇಕಾಗಿದ್ದುದು ನಮಗೆ, ಪಟ್ಟಿ ಹಿಡಿದು ಹೋದವರಿಗೆ.

ಮೊದಲ ಪಟ್ಟಿಯಲ್ಲಿ ಅವಳು ‘ಸೂಚನೆ ಪಾಲಿಸಿದ್ದು’ ಹೇಗೆ ಎಂದು ಆ ಪ್ರಶಿಕ್ಷಣಾರ್ಥಿಯನ್ನು ಕರೆಸಿ ಮಾಡಿ ತೋರಿಸಲು ಹೇಳಿದೆ. ಆಕೆ ‘ಚೆಂಡು ತಾ’ ಎಂದಳು. ಎನ್ನುವಾಗಲೇ ಅವಳ ಕಣ್ಣು ಚೆಂಡಿನ ಕಡೆ ಹೋಯಿತು, ಬೆರಳೂ ಹೋಯಿತು, ಆಮೇಲೆ ಅಂಗೈ ಚಾಚಿತು. ಉತ್ತರವನ್ನು ಬೆರಳೇ ಕೊಟ್ಟಿತ್ತು. ಶಿಕ್ಷಕರಾದ ನಮಗೆಲ್ಲ ಇರುವ ಒಳ್ಳೆಯ ಅಭ್ಯಾಸವೇ ಇದು, ಮಗುವಿಗೆ ಸಹಾಯ ಮಾಡುತ್ತ ಕೇಳುವುದು. ತಪಾಸಣೆಯಲ್ಲಿ ಅದು ಕಣ್ಣಿಗೆ ಮಣ್ಣೆರಚುತ್ತದೆ.

ಹೀಗೆ ಒಂದು ಕಡೆ ಭಾಷೆಯ ವ್ಯತ್ಯಾಸವನ್ನು ವಿಳಂಬ ಎಂದೆವು, ಇನ್ನೊಂದು ಕಡೆ ನಿಜವಾದ ತೊಂದರೆಯನ್ನು ಸ್ವಭಾವ ಎಂದೆವು. ಮೊದಲನೆಯ ತಪ್ಪಿನಿಂದ ಒಬ್ಬ ಅಜ್ಜಿಗೆ ಸಿಟ್ಟು ಬಂತು. ಎರಡನೆಯದರಿಂದ ಒಂದು ಮಗುವಿನ ಏಳು ತಿಂಗಳು ಹೋಯಿತು. ನವಜಾತ ಶಿಶುಗಳ ವಿಷಯದಲ್ಲಿ ಶ್ರವಣ ತಜ್ಞರು ಇಟ್ಟುಕೊಂಡಿರುವ ಗುರಿ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ತರಬೇತಿಯ ಆರಂಭ. ಈ ಹುಡುಗಿಗೆ ಅದೆಲ್ಲ ಶುರುವಾಗುವಾಗ 3 ವರ್ಷ 8 ತಿಂಗಳಾಗಿತ್ತು.

ತಪಾಸಣೆ ಏನು, ಏನಲ್ಲ

ಬೆಳವಣಿಗೆ ಮತ್ತು ವಿಕಾಸದ ವ್ಯತ್ಯಾಸವನ್ನು ನಾವು ಮೊದಲ ಘಟಕದಲ್ಲೇ ಕಲಿಸುತ್ತೇವೆ, ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಅಂಗನವಾಡಿಯಲ್ಲಿ ಮಾತ್ರ ಬೆಳವಣಿಗೆಗೆ ತಕ್ಕಡಿ ಇದೆ, ವಿಕಾಸಕ್ಕೆ ಇಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ದೇಶದ 33 ಯೋಜನಾ ಪ್ರದೇಶಗಳಲ್ಲಿ ನಮ್ಮ ರಾಜ್ಯದ ಟಿ.ನರಸೀಪುರವೂ ಒಂದಾಗಿತ್ತು. ಅಂದಿನಿಂದ ತೂಕ ನೋಡುವುದು ಕಾರ್ಯಕರ್ತೆಯರ ಕೈಗೆ ಒಗ್ಗಿಹೋಗಿದೆ. ಮಗು ಹೇಗೆ ತಿರುಗುತ್ತದೆ, ಹೇಗೆ ಕೇಳುತ್ತದೆ, ಯಾರ ಮುಖ ನೋಡುತ್ತದೆ ಎಂಬುದನ್ನು ಬರೆದಿಡುವ ಅಭ್ಯಾಸ ಇನ್ನೂ ಆ ಮಟ್ಟಕ್ಕೆ ಬಂದಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳದು. ಜನ್ಮಜಾತ ದೋಷ, ಪೌಷ್ಟಿಕ ಕೊರತೆ, ಕಾಯಿಲೆ, ವಿಕಾಸದ ವಿಳಂಬ ಮತ್ತು ಅಂಗವಿಕಲತೆ ಎಂಬ ನಾಲ್ಕು ಗುಂಪುಗಳನ್ನು ಅದು ನೋಡುತ್ತದೆ. ಸಂಚಾರಿ ಆರೋಗ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬರಬೇಕೆಂಬುದು ನಿಯಮ. ತಂಡ ಕಳುಹಿಸಿದ ಮಗುವನ್ನು ವಿವರವಾಗಿ ನೋಡುವುದು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ಕೆಲಸ. ತಂಡದವರು ಬಂದ ದಿನ ಮಗು ನಿದ್ದೆಯಲ್ಲಿದ್ದರೆ, ಹೊಸಬರನ್ನು ಕಂಡು ಅತ್ತರೆ, ಅಥವಾ ಜುಲೈ ಮಳೆಯಲ್ಲಿ ಕಣಕುಂಬಿ ಕಡೆಯ ಹಳ್ಳಿಗಳಲ್ಲಿ ಆಗುವಂತೆ ಮನೆ ಬಿಟ್ಟು ಹೊರಗೇ ಬಾರದಿದ್ದರೆ? ವರ್ಷದಲ್ಲಿ ಉಳಿದ ದಿನಗಳ ಕಣ್ಣು ಕಾರ್ಯಕರ್ತೆಯದು, ಮುಂದೆ ಶಿಕ್ಷಕರದು. ಅದಕ್ಕೇ ಈ ಪಾಠ ವೈದ್ಯಕೀಯ ಕಾಲೇಜಿನದಷ್ಟೇ ಅಲ್ಲ, ನಮ್ಮದೂ ಹೌದು.

ತಪಾಸಣೆಯ ಫಲಿತಾಂಶ ಒಂದು ತೀರ್ಪಲ್ಲ ಎಂಬುದನ್ನು ಹೇಳಿದರೆ ಸಾಲದು, ಲೆಕ್ಕ ಮಾಡಿಸಬೇಕು. ನಾನು ಕಪ್ಪುಹಲಗೆಯ ಮೇಲೆ ಒಂದು ಕಾಲ್ಪನಿಕ ಊರು ಬರೆಯುತ್ತೇನೆ. ಮಕ್ಕಳು 100. ಅವರಲ್ಲಿ 10 ಮಕ್ಕಳಿಗೆ ನಿಜವಾಗಿ ತೊಂದರೆ ಇದೆ. ನಮ್ಮ ಪಟ್ಟಿ ಒಳ್ಳೆಯದೇ: ತೊಂದರೆ ಇರುವ ಹತ್ತರಲ್ಲಿ 8 ಮಕ್ಕಳನ್ನು ಹಿಡಿಯುತ್ತದೆ, ತೊಂದರೆ ಇಲ್ಲದ ತೊಂಬತ್ತರಲ್ಲಿ 81 ಮಕ್ಕಳನ್ನು ಸರಿಯಾಗಿ ಬಿಡುತ್ತದೆ. ಈಗ ಆಸ್ಪತ್ರೆಗೆ ಹೋಗುವವರು ಎಷ್ಟು? 8 ಮತ್ತು 9, ಒಟ್ಟು 17. ಅಂದರೆ ಕಳುಹಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಏನೂ ತೊಂದರೆ ಇಲ್ಲ. ಇನ್ನಿಬ್ಬರು ‘ಎಲ್ಲ ಸರಿ’ ಎಂಬ ಚೀಟಿ ಹಿಡಿದು ಮನೆಯಲ್ಲಿದ್ದಾರೆ. ಈ ಲೆಕ್ಕ ಮುಗಿದ ಮೇಲೆ ತರಗತಿ ಒಂದು ಗಳಿಗೆ ಸುಮ್ಮನಾಗುತ್ತದೆ. ಹದಿನೇಳು ತಾಯಂದಿರೊಡನೆ ಹೇಗೆ ಮಾತಾಡಬೇಕು, ಉಳಿದ ಇಬ್ಬರನ್ನು ಹೇಗೆ ಮತ್ತೆ ನೋಡಬೇಕು ಎಂಬ ಪ್ರಶ್ನೆ ಅಲ್ಲಿಂದ ತಾನಾಗಿ ಹುಟ್ಟುತ್ತದೆ.

ಅಂಶವನ್ನು ಊರಿಗೆ ಹೊಂದಿಸುವುದು

ನಮ್ಮ ದೇಶದಲ್ಲಿ ಸಿದ್ಧವಾದ ತಪಾಸಣಾ ಪಟ್ಟಿಗಳಲ್ಲಿ ಕಲಿಸಲು ಸುಲಭವಾದದ್ದು ತಿರುವನಂತಪುರದ ಶಿಶು ವಿಕಾಸ ಕೇಂದ್ರದಲ್ಲಿ ಡಾ. ಎಂ.ಕೆ.ಸಿ. ನಾಯರ್ ಮತ್ತು ಸಂಗಡಿಗರು ರೂಪಿಸಿದ ಪಟ್ಟಿ. ಹುಟ್ಟಿನಿಂದ ಎರಡು ವರ್ಷದವರೆಗೆ ಒಟ್ಟು 17 ಅಂಶ. ಪ್ರತಿ ಅಂಶಕ್ಕೂ ಒಂದು ಅಡ್ಡಪಟ್ಟಿ. ಮಗುವಿನ ವಯಸ್ಸಿನ ಗುರುತಿನ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಟ್ಟರೆ, ಪೆನ್ಸಿಲಿನ ಎಡಕ್ಕೆ ಪೂರ್ತಿ ಮುಗಿದುಹೋದ ಅಂಶಗಳನ್ನು ಮಗು ಮಾಡುತ್ತಿರಬೇಕು. ಯಾವುದಾದರೂ ಒಂದನ್ನು ಮಾಡದಿದ್ದರೆ ಮುಂದಿನ ಪರೀಕ್ಷೆಗೆ ಕಳುಹಿಸಬೇಕು. ಅಷ್ಟೇ. ನಮ್ಮ ಮಕ್ಕಳು ಎರಡು ವರ್ಷ ದಾಟಿದವರಾದರೂ ಪಟ್ಟಿಯ ತರ್ಕವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ.

ಅದರ ಕೊನೆಯ ಎರಡು ಅಂಶಗಳನ್ನು ನೋಡಿ: ಆಸರೆ ಹಿಡಿದು ಮೆಟ್ಟಿಲು ಹತ್ತುವುದು, ಗೊಂಬೆಯ ಮೂರು ಅಂಗ ತೋರಿಸುವುದು. ಖಾನಾಪುರದ ಕಾಡಂಚಿನ ಹಂಚಿನ ಮನೆಗಳಲ್ಲಿ ಮಾಳಿಗೆಯ ಮೆಟ್ಟಿಲು ಎಲ್ಲಿದೆ? ಜಗಲಿಗೆ ಹತ್ತುವ ಎರಡು ಕಲ್ಲು ಇರುತ್ತವೆ, ಎತ್ತರದ ಹೊಸ್ತಿಲು ಇರುತ್ತದೆ. ಅಲ್ಲಿ ನೋಡಿ ಎನ್ನುತ್ತೇನೆ. ಗೊಂಬೆಯನ್ನೇ ಕಾಣದ ಮಗುವಿಗೆ ತನ್ನ ಮೂಗು, ಅಜ್ಜಿಯ ಕಿವಿ ಸಾಕು. ಬೆರಳಿನ ಸೂಕ್ಷ್ಮ ಕೆಲಸಕ್ಕೆ ಬಳಪ, ಕ್ರೇಯಾನ್ ಕೊಟ್ಟು ‘ಹಿಡಿಯಲು ಬರುವುದಿಲ್ಲ’ ಎಂದು ಬರೆಯುವವರಿಗೆ ನಾನು ಒಂದು ಉಂಡೆ ಜೇಡಿಮಣ್ಣು ಕೊಡುತ್ತೇನೆ. ಖಾನಾಪುರ ಮಡಕೆ, ಹಂಚಿಗೆ ಹೆಸರಾದ ಊರು. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದ ಮಗು ಅಲ್ಲಿ ಹೆಬ್ಬೆರಳು ತೋರುಬೆರಳಿನಿಂದ ಮಣ್ಣಿನ ಹಣತೆಯ ಅಂಚು ಚಿವುಟುವುದನ್ನು ನಾನೇ ಕಂಡಿದ್ದೇನೆ. ಒಂದು ಎಚ್ಚರಿಕೆ: ಹೀಗೆ ಬದಲಿಸಿದ್ದನ್ನು ಪಟ್ಟಿಯಲ್ಲಿ ಬರೆಯಬೇಕು. ಬದಲಿಸಿದ ಅಂಶಕ್ಕೆ ಮೂಲ ಪಟ್ಟಿಯ ವಯಸ್ಸಿನ ಗಡಿ ತಾನಾಗಿ ಅನ್ವಯಿಸುವುದಿಲ್ಲ.

ವಯಸ್ಸಿನ ಗಡಿಯ ಬಗ್ಗೆಯೂ ಒಂದು ಮಾತು. ‘ವರ್ಷಕ್ಕೆ ನಡೆಯಬೇಕು’ ಎಂಬ ಮಾತು ನಮ್ಮ ಹುಡುಗರ ತಲೆಯಲ್ಲಿ ಗೂಟ ಹೊಡೆದು ಕೂತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಪ್ರಕಾರ ಆಸರೆ ಇಲ್ಲದೆ ನಡೆಯುವ ಅವಧಿ 8.2 ತಿಂಗಳಿಂದ 17.6 ತಿಂಗಳವರೆಗೆ ಚಾಚಿಕೊಂಡಿದೆ. ಶೇ. 4ರಷ್ಟು ಮಕ್ಕಳು ಅಂಬೆಗಾಲು ಇಡಲೇ ಇಲ್ಲ, ಆದರೂ ನಡೆದರು. ಸರಾಸರಿ ಬೇರೆ, ಗಡಿ ಬೇರೆ.

ಹೇಗೆ ಕಲಿಸುತ್ತಿದ್ದೇನೆ

ಈಗ ಅಂಗನವಾಡಿಗೆ ಹೋಗುವ ಮೊದಲು ಮೂರು ಅವಧಿಗಳ ಪಾಠ ಇದೆ. ಮೊದಲ ಅವಧಿ ಪೂರ್ತಿ ವಯಸ್ಸಿನ ಲೆಕ್ಕ. ಬೇಸರದ ಕೆಲಸ ಎನಿಸಬಹುದು, ಆದರೆ 2 ವರ್ಷ 10 ತಿಂಗಳ ಮಗುವನ್ನು ‘ಮೂರು ವರ್ಷ’ ಎಂದು ಬರೆದರೆ ಕೆಳಗಿನದೆಲ್ಲ ಕೆಡುತ್ತದೆ. ತಾಯಿ ಕಾರ್ಡಿನಿಂದ ಹುಟ್ಟಿದ ದಿನ, ತಪಾಸಣೆಯ ದಿನ, ಕಳೆಯುವ ಲೆಕ್ಕ. ಅವಧಿಗೆ ಮುನ್ನ ಹುಟ್ಟಿದ್ದರೆ ಎರಡು ವರ್ಷದವರೆಗೆ ಆ ವಾರಗಳನ್ನೂ ಕಳೆಯಬೇಕು. 32 ವಾರಕ್ಕೆ ಹುಟ್ಟಿದ ಮಗುವಿಗೆ 40ರಿಂದ 32 ಕಳೆದು ಎಂಟು ವಾರ ಬಿಡುವುದು.

ಎರಡನೆಯ ಅವಧಿಯಲ್ಲಿ ಕೇಳುವ ಅಭ್ಯಾಸ. ಇಬ್ಬಿಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಮಗು. ಕೇಳುವವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಗುವಿನ ಮುಖವನ್ನೇ ನೋಡುತ್ತ ‘ಚೆಂಡು ತಾ’ ಎನ್ನಬೇಕು. ಆಮೇಲೆ ಹತ್ತು ಎಣಿಸುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ನಗೆಪಾಟಲಾಗುತ್ತದೆ. ಹತ್ತು ಎಣಿಸುವ ತನಕ ಸುಮ್ಮನಿರುವುದು ನಮ್ಮ ವೃತ್ತಿಯವರಿಗೆ ಎಷ್ಟು ಕಷ್ಟ ಎಂದು ಆಗ ಗೊತ್ತಾಗುತ್ತದೆ. ಬಳಿಕ ಅದೇ ಮಾತನ್ನು ಹಿಂದಿನಿಂದ, ಬಾಯಿ ಕಾಣದಂತೆ. ಕಿವಿಯ ಬಗ್ಗೆ ಅನುಮಾನವಿದ್ದರೆ ಚಪ್ಪಾಳೆ ಹೊಡೆಯಬೇಡಿ. ಗಾಳಿ ಬೀಸಿದ್ದು ಮೈಗೆ ತಾಗಿ ಮಗು ತಿರುಗುತ್ತದೆ. ನೆಲಕ್ಕೆ ಕಾಲು ಬಡಿದರೂ ಅಷ್ಟೇ. ಇದು ಶ್ರವಣ ಪರೀಕ್ಷೆ ಅಲ್ಲ. ಮಗು ತಿರುಗಿತೆಂದು ಕಿವಿ ಸರಿ ಎನ್ನಲಾಗದು, ತಿರುಗಲಿಲ್ಲ ಎಂದರೆ ಕಳುಹಿಸಲು ಅಷ್ಟು ಸಾಕು.

ಮೂರನೆಯ ಅವಧಿ ಬರೆಯುವುದಕ್ಕೆ. ‘ಮಂದ’, ‘ಚುರುಕಿಲ್ಲ’, ‘ನಾಚಿಕೆ’, ‘ವಿಳಂಬ’ ಈ ಪದಗಳನ್ನು ಪಟ್ಟಿಯಿಂದ ಕಿತ್ತುಹಾಕಿದ್ದೇವೆ. ಮಗು ಏನು ಮಾಡಿತು, ಏನು ಹೇಳಿತು, ಎಷ್ಟು ಸಲ, ಯಾವ ಭಾಷೆಯಲ್ಲಿ ಕೇಳಿದಾಗ, ಅಷ್ಟೇ ಬರೆಯಬೇಕು. ಮಗು ಹೇಳಿದ ಸದ್ದನ್ನು ಅರ್ಥವಾಗದಿದ್ದರೂ ಕೇಳಿಸಿದಂತೆಯೇ ಬರೆಯಬೇಕು. ಸಿಂದಗಿಯ ಹುಡುಗಿ ‘ನಾಕ್’ ಎಂದೇ ಬರೆದಿದ್ದರೆ ಓದಿದ ಮರಾಠಿಯವರು ಯಾರಾದರೂ ಹಿಡಿಯುತ್ತಿದ್ದರು. ‘ಸಂಖ್ಯೆ ಹೇಳುತ್ತಾನೆ’ ಎಂದು ಬರೆದದ್ದರಿಂದ ಹುಡುಗನ ಉತ್ತರವೇ ಅಳಿಸಿಹೋಯಿತು. ಎರಡು ಮೂರು ಭಾಷೆಯ ಮನೆಯ ಮಗುವಿನ ಪದಗಳನ್ನು ಎಲ್ಲ ಭಾಷೆಗಳಲ್ಲಿ ಸೇರಿಸಿ ಎಣಿಸಬೇಕು. ಮರಾಠಿಯಲ್ಲಿ ಮೂವತ್ತು, ಕನ್ನಡದಲ್ಲಿ ಹತ್ತು ಬೇರೆ ಬೇರೆ ಪದ ಗೊತ್ತಿದ್ದರೆ ಆ ಮಗುವಿನ ಪದಸಂಪತ್ತು ನಲವತ್ತು.

ಆದರೆ ಭಾಷೆಯ ನೆಪ ವಿಪರೀತಕ್ಕೆ ಹೋಗಬಾರದು. ಅಜ್ಜಿಯ ಪ್ರಸಂಗವಾದ ಮುಂದಿನ ವರ್ಷ ಖಾನಾಪುರದಿಂದ ಬಂದ ಪಟ್ಟಿಗಳಲ್ಲಿ ಮಾತಾಡದ ಪ್ರತಿ ಮಗುವಿನ ಮುಂದೂ ‘ಮರಾಠಿ ಮನೆ’ ಎಂದು ಬರೆದು ಕೈತೊಳೆದುಕೊಂಡಿದ್ದರು! ಎರಡು ಭಾಷೆ ಕಲಿಯುವುದರಿಂದ ಮಾತು ನಿಲ್ಲುವುದಿಲ್ಲ. ಹನ್ನೆರಡು ತಿಂಗಳಿಗೂ ಬಾ-ಬಾ, ದಾ-ದಾ ಎಂಬ ತೊದಲು ಇಲ್ಲ, ಹದಿನಾರು ತಿಂಗಳಿಗೂ ಯಾವ ಭಾಷೆಯಲ್ಲೂ ಒಂದು ಪದ ಇಲ್ಲ, ಎರಡು ವರ್ಷಕ್ಕೂ ತಾನಾಗಿ ಎರಡು ಪದ ಜೋಡಿಸುವುದಿಲ್ಲ, ಇದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ಹೊರಟುಹೋಯಿತು. ಇವು ಯಾವ ಮನೆಮಾತಿನಲ್ಲೂ ಕಾಯುವ ವಿಷಯಗಳಲ್ಲ. ‘ಗಂಡ ಹುಡುಗ್ರು ತಡಾ ಮಾತಾಡ್ತಾವ್ರೀ, ಅವರಪ್ಪನೂ ಹಂಗ ಇದ್ದ’ ಎಂಬ ಮಾತು ಬರುತ್ತದೆ. ನಯವಾಗಿ ಕೇಳಿಸಿಕೊಳ್ಳಿ, ಆದರೂ ಕಳುಹಿಸಿ.

ಕಳುಹಿಸುವ ಮಾತನ್ನೂ ಅಭ್ಯಾಸ ಮಾಡಿಸುತ್ತೇನೆ. ‘ನಿಮ್ಮ ಮಗು ಹಿಂದ ಬಿದ್ದೈತಿ’ ಎಂದು ತಾಯಿಗೆ ಹೇಳುವ ಅಧಿಕಾರ ನಮಗಿಲ್ಲ. ನಮಗೆ ಗೊತ್ತೂ ಇಲ್ಲ. ‘ಹಿಂದಿನಿಂದ ಕರದ್ರ ತಿರಗವಲ್ಲಳ್ರೀ ಅಕ್ಕಾ, ಒಮ್ಮೆ ಕಿವಿ ತೋರಿಸ್ಕೊಂಡು ಬರೂಣ’ ಎನ್ನಬಹುದು. ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಸುಮಾರು ಒಂದು ತಾಸು, ಒಳಹಳ್ಳಿಯಿಂದ ಖಾನಾಪುರಕ್ಕೆ ಬರುವುದೇ ಇನ್ನೊಂದು ಪ್ರಯಾಣ. ಒಂದು ದಿನದ ಕೂಲಿ ಹೋಗುತ್ತದೆ. ಯಾವ ದಿನ, ಯಾವ ಕೋಣೆ, ಯಾವ ಕಾಗದ ಬೇಕು ಎಂಬುದನ್ನು ಕಾರ್ಯಕರ್ತೆ ಅಥವಾ ಆಶಾ ಕಾರ್ಯಕರ್ತೆಯಿಂದ ಮೊದಲೇ ತಿಳಿದುಕೊಂಡು ಚೀಟಿಯಲ್ಲಿ ಬರೆದುಕೊಡದೆ ‘ಆಸ್ಪತ್ರೆಗೆ ಹೋಗಿ’ ಎಂದರೆ ಅದು ಕಳುಹಿಸಿದಂತಲ್ಲ. ಹೋದರೇ ಎಂದು ಹದಿನೈದು ದಿನದ ನಂತರ ಕೇಳುವ ಒಂದು ಸಾಲನ್ನು ಪಟ್ಟಿಯ ಕೊನೆಗೆ ಸೇರಿಸಿದ್ದೇವೆ. ಪ್ರಶಿಕ್ಷಣಾರ್ಥಿಯ ವಾರ ಅಷ್ಟರಲ್ಲಿ ಮುಗಿದಿರುತ್ತದೆ, ಹಾಗಾಗಿ ಆ ಸಾಲು ನನ್ನ ಹೆಸರಿನಲ್ಲಿದೆ.

ವಡಗಾಂವಿಯ ಹುಡುಗಿಗೆ ಈಗ ಶ್ರವಣ ಸಾಧನ ಇದೆ, ಮಾತಿನ ತರಬೇತಿಗೆ ತಾಯಿ ಕರೆದೊಯ್ಯುತ್ತಾರೆ. ಮಗ್ಗದ ಕೋಣೆಯಲ್ಲಿ ಸಾಧನ ತೆಗೆದಿಡುತ್ತಾಳಂತೆ, ಸಪ್ಪಳ ತಡೆಯಲಾರದೆ. ಅವಳ ಮೊದಲ ಪಟ್ಟಿಯ ಪ್ರತಿಯನ್ನು, ಹೆಸರು ಮತ್ತು ಕೇಂದ್ರ ಮುಚ್ಚಿ, ತಾಯಿಯ ಒಪ್ಪಿಗೆ ಪಡೆದು ಮೂರನೆಯ ಅವಧಿಯಲ್ಲಿ ಹಂಚುತ್ತೇನೆ. ಅದರಲ್ಲಿ ತಪ್ಪು ಎಲ್ಲಿದೆ ಹುಡುಕಿ ಎಂದರೆ ಮೊದಲ ಹತ್ತು ನಿಮಿಷ ಯಾರಿಗೂ ಸಿಗುವುದಿಲ್ಲ.

ಖಾನಾಪುರದ ತಂಡಕ್ಕೆಂದು ಒಂದು ಪದಪಟ್ಟಿ ತಯಾರಾಗುತ್ತಿದೆ. ನಾಕ್, ಕಾನ್, ಹಾತ್ ಇವು ಮರಾಠಿ, ಕೊಂಕಣಿ, ನಗರದ ಉರ್ದು ಮನೆಗಳಲ್ಲಿ ಹೆಚ್ಚು ಕಡಿಮೆ ಒಂದೇ. ಕಣ್ಣಿಗೆ ಡೋಳೆ, ದೊಳೆ, ಆಂಖ್ ಎಂದು ಬೇರೆಯಾಗುತ್ತದೆ. ನೀರಿಗೆ ಮರಾಠಿಯವರು ಪಾಣಿ ಎಂದರೆ ಕೊಂಕಣಿಯವರು ಉದಾಕ್ ಎನ್ನುತ್ತಾರೆ. ಚೆಂಡು ಮರಾಠಿಯಲ್ಲೂ ಚೇಂಡೂ. ಹಾಗಾಗಿ ಎರಡೂ ಭಾಷೆಯ ಮಕ್ಕಳಿಗೆ ಆ ಅಂಶ ಧೈರ್ಯವಾಗಿ ಕೊಡಬಹುದು. ಗವಳಿ ವಸತಿಗಳ ಮನೆಮಾತಿನ ಪದಗಳು ಮಾತ್ರ ನಮ್ಮ ಪಟ್ಟಿಯಲ್ಲಿ ಇನ್ನೂ ಖಾಲಿ ಇವೆ. ಆ ಕಡೆಯ ಶಾಲೆಗಳಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆ ಓದಿದರೆ, ಮಗುವನ್ನು ‘ಬಾ’, ‘ಕೊಡು’, ‘ಎಲ್ಲಿ?’ ಎಂದು ಮನೆಯಲ್ಲಿ ಹೇಗೆ ಕೇಳುತ್ತಾರೋ ಹಾಗೆಯೇ ಬರೆದು ಮಳೆಗಾಲ ಮುಗಿಯುವ ಮೊದಲು ಕಾಲೇಜಿಗೆ ಕಳುಹಿಸಬೇಕೆಂದು ಕೋರುತ್ತೇನೆ. ಮುಂದಿನ ತಂಡ ದೀಪಾವಳಿ ಕಳೆದ ಮೇಲೆ ಹೊರಡುತ್ತದೆ.